ಓರೆಗಣ್ಣಿಗೆ ಬಿದ್ದ ಸಿಡಿತ

ಅಕ್ಕ ಉಪಗ್ರಹದ ಕಂಟ್ರೋಲ್ ರೂಮಿನ ಬಾಗಿಲು ತಳ್ಳಿ ಒಳಗೆ ಬಂದಾಗ ಗಾಲಿಗಳ ಎಂಜಿನಿಯರ್ ಪರದೆಯ ಮುಂದೆ ನಿಂತಿದ್ದರು. ಅದನ್ನು ನೋಡಿಯೇ ಏನೋ ಕೆಟ್ಟಿದೆ ಎಂದು ಅವಳಿಗೆ ಗೊತ್ತಾಯಿತು. ಎಲ್ಲ ಸರಿಯಿದ್ದ ದಿನ ಆ ಮನುಷ್ಯನನ್ನು ಕುರ್ಚಿಯಿಂದ ಎಬ್ಬಿಸಲು ಕ್ರೇನ್ ತರಿಸಬೇಕಾಗುತ್ತಿತ್ತು.

“ಮೂರನೇ ಗಾಲಿ,” ಅಂದರು ಅವರು, ಮುಖ ತಿರುಗಿಸದೆ. “ಬೆಳಗಿನ ಜಾವದಿಂದ ಕಾವು ಏರ್ತಾನೇ ಇದೆ. ಉಜ್ಜಿಕೊಂಡು ತಿರುಗ್ತಿದೆ.”

ಅಕ್ಕ ಹೆಗಲ ಮೇಲಿನ ಚೀಲವನ್ನೂ ಇಳಿಸದೆ ಪರದೆಯತ್ತ ಬಗ್ಗಿದಳು. ಕೆಂಪು ಗೆರೆ ಮೇಲಕ್ಕೆ ಹತ್ತುತ್ತಿತ್ತು. ಉಪಗ್ರಹದ ಹೊಟ್ಟೆಯೊಳಗೆ ನಾಲ್ಕು ಗಾಲಿಗಳಿದ್ದವು. ಅವುಗಳ ವೇಗ ಹೆಚ್ಚು ಕಡಿಮೆ ಮಾಡಿದರೆ ಉಪಗ್ರಹ ಅತ್ತಿತ್ತ ಮೈ ಹೊರಳಿಸುತ್ತಿತ್ತು. ಹೋದ ವರ್ಷ ಒಂದು ಗಾಲಿ ಸತ್ತಿತ್ತು. ಮೂರಿದ್ದರೆ ಬೇಕಾದ ಕಡೆ ನೋಡಬಹುದು. ಎರಡಕ್ಕಿಳಿದರೆ ನೋಡುವುದು ಹಾಗಿರಲಿ, ವೇಗ ಕಳೆದುಕೊಂಡ ಬುಗುರಿಯ ಹಾಗೆ ತೂರಾಡಬೇಕು. ತೂರಾಡುತ್ತ ದೂರದರ್ಶಕದ ಬಾಯಿ ಸೂರ್ಯನ ಕಡೆ ತಿರುಗಿತೆಂದರೆ ಒಳಗೆ ಬೆಳಕು ಹಿಡಿಯುವ ಡಿಟೆಕ್ಟರ್ ಸುಟ್ಟುಹೋಗುತ್ತದೆ.

“ಎಷ್ಟು ಹೊತ್ತು ತಡೆಯುತ್ತೆ?”

“ಅದನ್ನ ಹೇಳೋಕೆ ನಾನೇನು ಜ್ಯೋತಿಷಿನಾ ಮೇಡಂ? ಸಂಜೆ ತನಕ ಎಳೀಬಹುದು. ಮುಂದಿನ ಸುತ್ತಿಗೇ ಕಚ್ಚಿಕೊಂಡು ನಿಲ್ಲಲೂಬಹುದು.”

ಇಂಥ ಹೊತ್ತಿಗೆ ಮದ್ದು ಒಂದೇ. ಉಪಗ್ರಹದ ಬೆನ್ನನ್ನು ಮೆಲ್ಲಗೆ ಸೂರ್ಯನಿಗೆ ಕೊಟ್ಟು, ಗಾಲಿಗಳಿಗೆ ಕೆಲಸವೇ ಇಲ್ಲದ ಭಂಗಿಯಲ್ಲಿ ಮಲಗಿಸಿಬಿಡುವುದು. ಆಮೇಲೆ ಕೆಲವು ವಾರ ಅದು ಯಾವುದನ್ನೂ ನೋಡುವಂತಿಲ್ಲ. ನಿರ್ದೇಶಕರಿಗೆ ಫೋನ್ ಹೋಯಿತು. ಅವರು ಯಾವುದೋ ಸಭೆಯಲ್ಲಿದ್ದರು. ಪಿಸುದನಿಯಲ್ಲಿ, “ಉಪಗ್ರಹ ಉಳೀಬೇಕು. ಹೇಗೆ ಅನ್ನೋದು ನಿಮಗೆ ಬಿಟ್ಟದ್ದು,” ಎಂದು ಹೇಳಿ ಇಟ್ಟುಬಿಟ್ಟರು.

ಅಕ್ಕ ಈ ಉಪಗ್ರಹವನ್ನು ನಡೆಸುವ ತಂಡದ ಮುಖ್ಯಸ್ಥೆ. ಅದು ಯಾವತ್ತು ಎಲ್ಲಿ ನೋಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದೆಲ್ಲ ಅವಳ ಕೈಯಲ್ಲಿತ್ತು. ಯಾರೇ ಏನೇ ಕೇಳಿದರೂ ಮೊದಲು ‘ಬೇಡ’ ಎನ್ನುವಳೆಂದು ಮೇಲಿನ ಮಹಡಿಯವರು ಅವಳಿಗೆ ಬ್ರೇಕಮ್ಮ ಎಂದು ಹೆಸರಿಟ್ಟಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಆ ಹೆಸರಿಟ್ಟವನು ಅವಳ ಸ್ವಂತ ತಮ್ಮ ಎಂಬುದೂ ಗೊತ್ತಿತ್ತು.

ಈಗ ಉಪಗ್ರಹ ನೋಡುತ್ತಿದ್ದದ್ದು ಆ ತಮ್ಮನ ನಕ್ಷತ್ರವನ್ನೇ.

ತಮ್ಮ ಎರಡು ಮಹಡಿ ಮೇಲೆ ಕೂರುತ್ತಿದ್ದ. ನಕ್ಷತ್ರಗಳು ಎಷ್ಟು ದೂರದಲ್ಲಿವೆ ಎಂದು ಲೆಕ್ಕ ಹಾಕುವುದು ಅವನ ಕೆಲಸ. ಅದಕ್ಕೇ ಗೆಳೆಯರು ಅವನನ್ನು ಮೈಲಿಗಲ್ಲು ಎನ್ನುತ್ತಿದ್ದರು. ಅವನು ವರ್ಷಗಳಿಂದ ಬೆನ್ನು ಹತ್ತಿದ್ದ ಆ ನ್ಯೂಟ್ರಾನ್ ನಕ್ಷತ್ರ ಒಂದು ಪಟ್ಟಣದಷ್ಟೇ ಅಗಲ. ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು. ಪಕ್ಕದಲ್ಲೊಂದು ಸಾಧಾರಣ ನಕ್ಷತ್ರವನ್ನು ಕಟ್ಟಿಕೊಂಡು, ಅದರ ಅನಿಲವನ್ನು ಎಳೆದೆಳೆದು ಮೈಮೇಲೆ ಸುರಿದುಕೊಳ್ಳುತ್ತದೆ. ಬಹಳ ಕಾಲ ತೆಪ್ಪಗಿದ್ದದ್ದು ಈಚೆಗೆ ಎಚ್ಚೆತ್ತಿತ್ತು. ಹೀಗೆ ಸುರಿದ ಅನಿಲ ಪದರ ಪದರವಾಗಿ ಕೂಡಿ, ತನ್ನ ಭಾರ ತಾನೇ ತಾಳಲಾರದೆ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಇಡೀ ಮೈ ಧಗ್ಗನೆ ಉರಿದು ಒಂದು ನಿಮಿಷದೊಳಗೆ ಆರಿಹೋಗುತ್ತದೆ. ಆ ಉರಿ ನಮ್ಮ ಕಣ್ಣಿಗೆ ಕಾಣುವ ಬೆಳಕಲ್ಲ, ಎಕ್ಸ್-ರೇ. ಅದಕ್ಕೇ ಅದನ್ನು ಎಕ್ಸ್-ರೇ ಸಿಡಿತ ಎನ್ನುತ್ತಾರೆ.

ಕತ್ತಲಲ್ಲಿ ಒಂದು ದೀಪ ಕಂಡರೆ ಅದು ಹತ್ತಿರದ ಚಿಕ್ಕ ದೀಪವೋ ದೂರದ ದೊಡ್ಡ ದೀಪವೋ ಹೇಳಲಾಗದು. ಆದರೆ ಕೆಲವು ಸಿಡಿತಗಳು ಈ ಗೊಂದಲ ಬಗೆಹರಿಸುತ್ತವೆ. ಬೆಳಕಿಗೂ ತಳ್ಳುವ ಬಲ ಉಂಟು. ಸಿಡಿತ ಜೋರಾಗುತ್ತ ಹೋದಂತೆ ಒಂದು ಹಂತದಲ್ಲಿ ಬೆಳಕಿನ ತಳ್ಳು ನಕ್ಷತ್ರದ ಸೆಳೆತಕ್ಕೆ ಸರಿಸಮ ನಿಲ್ಲುತ್ತದೆ. ಆಗ ಮೇಲಿನ ಪದರ ಉಬ್ಬುತ್ತದೆ. ಅಲ್ಲಿಂದಾಚೆ ಹೆಚ್ಚಿನ ಶಕ್ತಿಯೆಲ್ಲ ಉಬ್ಬುವುದಕ್ಕೇ ಖರ್ಚಾಗುತ್ತದೆ, ಪ್ರಕಾಶ ಮಾತ್ರ ಏರುವುದಿಲ್ಲ. ಆ ಮಿತಿ ಇಂಥ ನಕ್ಷತ್ರಗಳಿಗೆಲ್ಲ ಹೆಚ್ಚುಕಡಿಮೆ ಒಂದೇ. ದೀಪದ ನಿಜವಾದ ಪ್ರಕಾಶ ಗೊತ್ತಾದರೆ, ಅದು ಇಲ್ಲಿಗೆ ಎಷ್ಟು ಮಂಕಾಗಿ ಬಂದಿದೆ ಎಂದು ಅಳೆದು ದೂರ ಹೇಳಬಹುದು.

ತಮ್ಮನ ನಕ್ಷತ್ರದಿಂದ ಈವರೆಗೆ ಬಂದದ್ದೆಲ್ಲ ಚಿಕ್ಕ ಸಿಡಿತಗಳು. ಒಂದೂ ಉಬ್ಬಿರಲಿಲ್ಲ. ನಲವತ್ತು ಸಾವಿರ ಜ್ಯೋತಿರ್ವರ್ಷಕ್ಕಿಂತ ಆಚೆ ಇರಲಾರದು ಎಂಬುದನ್ನು ಬಿಟ್ಟು ಅವು ಬೇರೇನೂ ಹೇಳುತ್ತಿರಲಿಲ್ಲ. ಅದು ಮೂವತ್ತೆರಡು ಸಾವಿರ ಜ್ಯೋತಿರ್ವರ್ಷ ದೂರದಲ್ಲಿದೆ ಎಂದು ತಮ್ಮ ಬೇರೆ ಸುಳಿವುಗಳ ಮೇಲೆ ಬರೆದು ಪ್ರಕಟಿಸಿದ್ದ. ಅಷ್ಟು ದೂರದಿಂದ ಇಷ್ಟು ಬೆಳಗುವುದಾದರೆ ಅದು ಅನಿಲ ನುಂಗುವ ವೇಗ ಅಸಾಮಾನ್ಯ. ಅವನ ಮುಂದಿನ ಬರಹಗಳೆಲ್ಲ ಆ ಒಂದು ಮಾತಿನ ಮೇಲೆ ನಿಂತಿದ್ದವು. ಅಷ್ಟು ದೂರ ಇಲ್ಲವೇ ಇಲ್ಲ ಎನ್ನುವ ಇನ್ನೊಂದು ಗುಂಪೂ ಇತ್ತು. ಒಂದೇ ಒಂದು ಉಬ್ಬಿದ ಸಿಡಿತ ಸಿಕ್ಕಿದ್ದರೆ ಜಗಳ ಮುಗಿಯುತ್ತಿತ್ತು.

ಗಾಲಿಯ ಸುದ್ದಿ ಕೇಳಿ ಅವನು ಮೆಟ್ಟಿಲಿಳಿದು ಬಂದ. ಬಾಗಿಲ ಹತ್ತಿರವೇ ನಿಂತು, “ಅಕ್ಕ, ಇನ್ನೊಂದು ದಿನ ಕೊಡು,” ಅಂದ.

“ಆಗಲ್ಲ.”

“ಮೇಲಿನ ಪದರ ತುಂಬ್ತಾ ಬಂದಿದೆ. ಹಿಂದಿನ ಸಿಡಿತ ಆಗಿ ಇಷ್ಟು ಹೊತ್ತು ಸುಮ್ಮನಿದೆ ಅಂದ್ರೆ ಮುಂದಿನದು ದೊಡ್ಡದೇ. ನಾಳೆ ಬೆಳಗ್ಗೆ ತನಕ ಸಾಕು.”

“ಗಾಲಿ ಕಚ್ಚಿಕೊಂಡ್ರೆ ನಿನ್ನ ನಕ್ಷತ್ರ ಒಂದೇ ಅಲ್ಲ, ಇನ್ನು ಯಾರ ನಕ್ಷತ್ರನೂ ಇಲ್ಲ.”

“ಹಾಗಾದ್ರೆ ಸಂಜೆ ತನಕ.”

“ಇಲ್ಲ ಕಣೋ. ಈ ಸುತ್ತಿನಲ್ಲಿ ಅದು ನಮ್ಮ ತಲೆ ಮೇಲೆ ಬಂದ ಕೂಡಲೇ ಆಜ್ಞೆ ಕಳಿಸ್ತೀನಿ.”

ತಮ್ಮ ಬಾಗಿಲ ಚೌಕಟ್ಟಿನಿಂದ ಕೈ ತೆಗೆದ. ಚಿಕ್ಕಂದಿನಲ್ಲಿ ಕಾಂಪೌಂಡ್ ಗೋಡೆ ಹತ್ತಿದಾಗ ಕಾಲು ಹಿಡಿದು ಕೆಳಗೆಳೆಯುತ್ತಿದ್ದವಳು ಇವಳೇ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಇವನಿಗೆ ದೊಡ್ಡವಳೆಂದರೆ ತನಗಿಂತ ಆರು ವರ್ಷ ದೊಡ್ಡವಳಾದ ಈ ಹುಡುಗಿ. ಅವನು ಬೇಕು ಅಂದದ್ದು ಅವಳಿಗೆ ಯಾವಾಗಲೂ ಅಪಾಯವಾಗಿಯೇ ಕಂಡಿತ್ತು.

“ಸರಿ ಮೇಡಂ,” ಅಂದ ಅವನು. “ನಿಮ್ಮ ಇಷ್ಟ.”

ಅವನು ‘ನೀವು’ ಎಂದರೆ ಅದು ಮರ್ಯಾದೆಯಲ್ಲ, ಬಾಗಿಲು ಹಾಕಿದ ಹಾಗೆ. ಅವನು ಹೋದ ಮೇಲೂ ಅಕ್ಕ ಸ್ವಲ್ಪ ಹೊತ್ತು ಆ ಬಾಗಿಲನ್ನೇ ನೋಡಿದಳು. ಆಮೇಲೆ ಕುಳಿತು ಆಜ್ಞೆಗಳನ್ನು ಬರೆಯತೊಡಗಿದಳು.

ಇಂಥ ತಿರುವಿಗೆ ಒಂದು ಕಟ್ಟಳೆ ಇತ್ತು: ಮೊದಲು ಡಿಟೆಕ್ಟರ್ ಮುಚ್ಚಬೇಕು, ಆಮೇಲೆ ತಿರುಗಬೇಕು. ಕಣ್ಣು ಮುಚ್ಚಿಕೊಂಡೇ ಹೊರಳುವುದು. ಅಕ್ಕ ಸೂರ್ಯನ ಕೋನವನ್ನು ಎರಡು ಸಲ ಲೆಕ್ಕ ಹಾಕಿದಳು. ಗಾಲಿಗೆ ನೋವಾಗದಂತೆ, ಕಾಯಿಲೆಯವರನ್ನು ಮಗ್ಗುಲು ಬದಲಾಯಿಸುವ ಹಾಗೆ ಬಲು ನಿಧಾನವಾಗಿ ತಿರುಗಿಸಬೇಕಿತ್ತು. ತಿರುವಿನ ಮೊದಲ ಭಾಗದಲ್ಲಿ ಆ ನಕ್ಷತ್ರ ಇನ್ನೂ ದೂರದರ್ಶಕದ ನೋಟದ ಅಂಚಿನಲ್ಲಿ ಇರುತ್ತದೆ. ದೂರದರ್ಶಕದ ಬಾಯಿ ಸೂರ್ಯನ ಸಮೀಪ ಹಾಯುವುದು ತಿರುವಿನ ಎರಡನೇ ಭಾಗದಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಕಣ್ಣು ಮುಚ್ಚಿದರೂ ಸಾಕು. ನಡುವೆ ಗಾಲಿ ಕಚ್ಚಿಕೊಂಡು ಉಪಗ್ರಹ ತೂರಾಡದಿದ್ದರೆ ಮಾತ್ರ.

ಅವಳು ಡಿಟೆಕ್ಟರ್ ಮುಚ್ಚುವ ಸಾಲನ್ನು ಮೇಲಿನಿಂದ ತೆಗೆದು ಕೆಳಗೆ ಹಾಕಿದಳು. ಯಾಕೆ ಹಾಗೆ ಮಾಡಿದಳೋ ಅವಳೂ ಬಿಡಿಸಿ ಹೇಳಲಾರಳು. ತಮ್ಮನಿಗೆ ಒಂದು ದಿನ ಕೊಡಲು ಆಗಲಿಲ್ಲ, ಆಗುವುದನ್ನು ಕೊಟ್ಟಳು. ಕೊಟ್ಟದ್ದು ಅವನಿಗೆ ಗೊತ್ತಾಗುವುದೂ ಬೇಕಿರಲಿಲ್ಲ.

ಆಜ್ಞೆಗೆ ಇಬ್ಬರ ಒಪ್ಪಿಗೆ ಬೇಕು. ಗಾಲಿಗಳ ಎಂಜಿನಿಯರ್ ಕನ್ನಡಕವನ್ನು ಹಣೆಗೇರಿಸಿ ಓದಿದರು.

“ಈ ಸಾಲು ಜಾಗ ಬಿಟ್ಟು ಕೆಳಗೆ ಬಂದಿದೆ.”

“ಹೌದು.”

“ಕೈತಪ್ಪಾ?”

“ಅಲ್ಲ. ಬೇಕಂತಲೇ.”

ಅವರು ಒಮ್ಮೆ ಕೋನದ ಲೆಕ್ಕ ನೋಡಿದರು, ಒಮ್ಮೆ ಅವಳ ಮುಖ ನೋಡಿದರು. ಆಮೇಲೆ, “ಗಾಲಿ ನನ್ನದು. ಅಷ್ಟು ಹೊತ್ತು ತಡೆಯುತ್ತೆ ಅಂತ ಕಾಣುತ್ತೆ,” ಎಂದು ಒಪ್ಪಿಗೆ ಹಾಕಿದರು.

ಆಜ್ಞೆ ಹೋಯಿತು. ಉಪಗ್ರಹ ತೆಗೆದುಕೊಂಡೆ ಎಂದು ಉತ್ತರ ಕೊಟ್ಟು, ಕೆಲವೇ ಕ್ಷಣಗಳಲ್ಲಿ ದಿಗಂತದ ಕೆಳಗಿಳಿದು ಮರೆಯಾಯಿತು. ಭೂಮಿಯ ಆಚೆ ಬದಿಯಲ್ಲಿ, ಯಾರ ಕಣ್ಣಿಗೂ ಬೀಳದೆ ಅದು ಹೊರಳಬೇಕಿತ್ತು. ಈಚೆ ಬದಿಗೆ ಮತ್ತೆ ಬಂದರೆ ಬದುಕಿದೆ ಎಂದು ಅರ್ಥ.

ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಕೋಣೆಯಲ್ಲಿ ಗಾಳಿ ತಂಪು ಮಾಡುವ ಯಂತ್ರದ ಗೊರಗೊರ ಬಿಟ್ಟು ಸದ್ದಿಲ್ಲ. ಅಕ್ಕ ನೀರಿನ ಬಾಟಲಿಯ ಮುಚ್ಚಳ ತೆಗೆದು ಕುಡಿಯದೆಯೇ ಮುಚ್ಚಿದಳು. ಗಾಲಿಯವರು ಹಳೆಯ ಗ್ರಾಫುಗಳನ್ನು ಸುಮ್ಮನೆ ಹಿಂದೆ ಮುಂದೆ ಸರಿಸುತ್ತಿದ್ದರು. ಈಗ ತಿರುವು ಶುರುವಾಗಿರುತ್ತದೆ. ಈಗ ಅರ್ಧ ಆಗಿರುತ್ತದೆ. ಈಗ ಕಣ್ಣು ಮುಚ್ಚಿರಬೇಕು. ಮುಚ್ಚಿರದಿದ್ದರೆ?

ಫೋನ್ ನಡುಗಿತು. ಅಮ್ಮ.

“ಅವನು ಫೋನ್ ಎತ್ತಲ್ಲ. ಜಗಳ ಆಡಿದ್ರಾ?”

“ಇಲ್ಲಮ್ಮ. ಉಪಗ್ರಹಕ್ಕೆ ಹುಷಾರಿಲ್ಲ. ಆಮೇಲೆ ಮಾಡ್ತೀನಿ.”

“ಹುಷಾರಿಲ್ಲದ್ದು ಉಪಗ್ರಹಕ್ಕೆ. ಮಾತು ಬಿಟ್ಟೋರು ನೀವು. ಒಂದೇ ಕಟ್ಟಡದಲ್ಲಿ ಕೂತು ನನ್ನ ಮೂಲಕ ಮಾತಾಡೋದಾದ್ರೆ ನನಗೂ ಅಲ್ಲೊಂದು ಕುರ್ಚಿ ಹಾಕಿಸಿ.”

ಅಕ್ಕನಿಗೆ ನಗು ಬರಬೇಕಿತ್ತು, ಬರಲಿಲ್ಲ. ಫೋನ್ ಇಟ್ಟಳು.

ಉಪಗ್ರಹ ಮೇಲೇರುವ ಹೊತ್ತಾಯಿತು. ಪರದೆಯ ಮೂಲೆಯಲ್ಲಿ ಚಪ್ಪಟೆ ಗೆರೆಯೊಂದು ಹಾಗೇ ಓಡುತ್ತಿತ್ತು. ಸಂಕೇತವಿಲ್ಲ. ಗಾಲಿಯವರು ಕುರ್ಚಿಯ ಕೈ ಹಿಡಿದು ಅರ್ಧ ಎದ್ದು ಹಾಗೇ ನಿಂತುಬಿಟ್ಟರು. ಆಂಟೆನಾ ನೋಡಿಕೊಳ್ಳುತ್ತಿದ್ದ ಹುಡುಗಿ ತನ್ನ ಮೇಜಿನಿಂದಲೇ, “ಇನ್ನೂ ಇಲ್ಲ,” ಅಂದಳು. ಸ್ವಲ್ಪ ತಡೆದು ಮತ್ತೆ, “ಇನ್ನೂ ಇಲ್ಲ.” ಅಕ್ಕ ತಾನು ಬರೆದ ಆಜ್ಞೆಯನ್ನು ಮತ್ತೆ ತೆರೆದು ನೋಡಿದಳು. ಒಂದು ಸಾಲಿನ ಜಾಗ ಬದಲಿಸಿದೆ, ಅಷ್ಟೇ, ಅಂದುಕೊಂಡಳು. ಅಷ್ಟಕ್ಕೇ ಎಷ್ಟೋ ಜನರ ಹತ್ತು ವರ್ಷದ ದುಡಿಮೆ ಆಚೆ ಬದಿಯಲ್ಲಿ ಸುಟ್ಟು ತಿರುಗುತ್ತಿರಬಹುದು.

ಗೆರೆ ಒಮ್ಮೆ ನಡುಗಿ, ನೆಟ್ಟಗೆ ಎದ್ದು ನಿಂತಿತು.

“ಬಂತು,” ಅಂದಳು ಆಂಟೆನಾದ ಹುಡುಗಿ. ಅಂಕಿಗಳು ಒಂದರ ಹಿಂದೊಂದು ತುಂಬಿಕೊಂಡವು. ಬೆನ್ನು ಸೂರ್ಯನಿಗಿತ್ತು. ಮೂರನೆಯ ಗಾಲಿಯ ಕಾವು ಇಳಿಮುಖವಾಗಿತ್ತು. ಡಿಟೆಕ್ಟರ್ ಮುಚ್ಚಿತ್ತು, ಒಳಗೆ ಏನೂ ಕೆಟ್ಟಿರಲಿಲ್ಲ. ಗಾಲಿಯವರು ಕುರ್ಚಿಗೆ ಬಿದ್ದರು.

ಉಪಗ್ರಹ ಕೂಡಿಟ್ಟುಕೊಂಡಿದ್ದ ದಾಖಲೆಯೆಲ್ಲ ಇಳಿಯಿತು. ಗಾಲಿಗಳದು ಈ ಕೋಣೆಗೆ ಬಂತು, ನಕ್ಷತ್ರದ್ದು ತನ್ನಷ್ಟಕ್ಕೆ ತಾನೇ ಮೇಲಿನ ಮಹಡಿಗೆ ಹೋಯಿತು.

ಊಟದ ಹೊತ್ತು ಮೀರಿ ಹೋಗಿತ್ತು. ಅಕ್ಕ ಡಬ್ಬಿ ಬಿಚ್ಚಿ ಎರಡು ತುತ್ತು ತಿಂದಿರಬೇಕು, ತಮ್ಮ ಓಡುತ್ತ ಬಂದ. ಬೆಳಗಿನ ಮುಖವೇ ಅಲ್ಲ.

“ಅಕ್ಕ, ಉಬ್ಬಿತು,” ಅಂದ. ಉಸಿರು ಸಾಲುತ್ತಿರಲಿಲ್ಲ. “ನೀನು ತಿರುಗಿಸೋಕೆ ಸ್ವಲ್ಪ ಮುಂಚೆ. ಮೈ ಉಬ್ಬಿ, ಕಾವು ಇಳಿದು, ಮತ್ತೆ ಕುಗ್ಗಿ ಕಾವು ಏರಿದ್ದು ನಿಚ್ಚಳವಾಗಿ ಕಾಣುತ್ತೆ. ಮಿತಿ ಮುಟ್ಟಿದೆ. ದೂರ ಎಷ್ಟು ಬಂತು ಹೇಳು?”

“ಎಷ್ಟು?”

“ಮೂವತ್ತೊಂದು ಸಾವಿರ. ನಾನು ಹೇಳಿದ್ದು ಮೂವತ್ತೆರಡು.” ಅವನು ಅವಳ ಡಬ್ಬಿಯಿಂದಲೇ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡ. “ನಿರ್ದೇಶಕರಿಗೆ ಹೇಳಾಯ್ತು. ಇನ್ನೇನು ಎಲ್ಲ ವೀಕ್ಷಣಾಲಯಗಳಿಗೂ ಪ್ರಕಟಣೆ ಹೋಗುತ್ತೆ. ಬೆಳಗ್ಗೆ ಏನೇನೋ ಅಂದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.”

“ಹಾಲು ಉಕ್ಕೋದು ನಾವು ಆ ಕಡೆ ತಿರುಗಿದಾಗಲೇ ಅಂತಾರೆ,” ಎಂದರು ಗಾಲಿಯವರು ನಗುತ್ತ. “ನಿಮ್ಮದು ಪುಣ್ಯ, ತಿರುಗೋ ಮುಂಚೆ ಉಕ್ಕಿತು.”

“ಅದೇ ನನಗೂ ಮೊದಲು ಭಯ ಇತ್ತು, ತಿರುಗುವಾಗ ಆಗಿದ್ರೆ ಅಂತ,” ಅಂದ ತಮ್ಮ. “ಆದರೆ ಡಿಟೆಕ್ಟರ್ ತೆರೆದೇ ಇತ್ತಲ್ಲ. ತೆರೆದಿತ್ತು ಅಂದ್ರೆ ಇನ್ನೂ ತಿರುಗೋಕೆ ಶುರು ಮಾಡಿಲ್ಲ ಅಂತ ತಾನೇ.”

ಅವನು ಬಂದಷ್ಟೇ ವೇಗವಾಗಿ ಹೋದ. ಗಾಲಿಯವರ ನಗು ಮುಖದಲ್ಲೇ ಉಳಿದು ನಿಧಾನವಾಗಿ ಆರಿತು. ಅಕ್ಕ ಡಬ್ಬಿ ಮುಚ್ಚಿದಳು. ಇಬ್ಬರೂ ಗಾಲಿಗಳ ದಾಖಲೆ ತೆರೆದರು. ಸಿಡಿತದ ಹೊತ್ತನ್ನು ಪಕ್ಕದಲ್ಲಿಟ್ಟು ನೋಡಿದರು.

ಸಿಡಿತ ಬಂದಾಗ ಗಾಲಿಗಳು ಆಗಲೇ ತಿರುವು ಶುರು ಮಾಡಿದ್ದವು. ದೂರದರ್ಶಕದ ಬಾಯಿ ನಕ್ಷತ್ರದಿಂದ ಪಕ್ಕಕ್ಕೆ ಸರಿದಿತ್ತು. ಬೆಳಕಿನ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ಒಳಗೆ ಬಂದಿತ್ತು. ಉಳಿದದ್ದು ಕೊಳವೆಯ ಗೋಡೆಗೆ ಬಡಿದು ಹೋಗಿತ್ತು. ತಮ್ಮ ಅದನ್ನೇ ಪೂರ್ತಿ ಬೆಳಕು ಎಂದು ತಿಳಿದಿದ್ದ. ದೀಪ ನಿಜಕ್ಕೂ ಅಷ್ಟು ಮಂಕಾಗಿರಲಿಲ್ಲ. ಅಂದರೆ ಅದು ಅಷ್ಟು ದೂರದಲ್ಲೂ ಇರಲಿಲ್ಲ.

ಅಕ್ಕ ಪರದೆಯಿಂದ ಕುರ್ಚಿ ಹಿಂದಕ್ಕೆ ಸರಿಸಿದಳು. ಅವನು ತಪ್ಪು ತಿಳಿದದ್ದು ಅವಳಿಂದಲೇ. ಕಟ್ಟಳೆಯ ಪ್ರಕಾರ ಕಣ್ಣು ಮುಚ್ಚಿದ್ದರೆ ಸಿಡಿತವೇ ಸಿಗುತ್ತಿರಲಿಲ್ಲ. ತೆರೆದಿಟ್ಟದ್ದನ್ನು ಅವನಿಗೆ ಹೇಳಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಈಗ ಹೇಳದೆ ಬಿಟ್ಟರೆ? ಅವನ ಮಾತು ಗೆದ್ದಿತು. ತಾನು ಕಟ್ಟಳೆ ಮುರಿದದ್ದು ಯಾರಿಗೂ ತಿಳಿಯದು. ಬೆಳಗಿನ ಮುನಿಸು ಹೋಯಿತು, ಅಮ್ಮನಿಗೂ ಸಮಾಧಾನ. ಬಿಸಿ ತುಪ್ಪ ಬಾಯಿಗೆ ಬಂದಿತ್ತು, ಉಗುಳುವಂತೆಯೂ ಇಲ್ಲ, ನುಂಗುವಂತೆಯೂ ಇಲ್ಲ.

“ಹೇಳಿದ್ರೆ ನಿಮಗೂ ತೊಂದರೆ ಬರುತ್ತೆ,” ಅಂದಳು ಗಾಲಿಯವರಿಗೆ. “ನಿಮ್ಮ ಒಪ್ಪಿಗೆನೂ ಇದೆ ಅದರಲ್ಲಿ.”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಅದು ಮೊದಲೇ ಸ್ವಚ್ಛವಾಗಿತ್ತು. “ಬರಲಿ ಬಿಡಿ. ಸುಳ್ಳು ಅಂಕಿ ಊರೆಲ್ಲ ಸುತ್ತಿ ಬಂದ ಮೇಲೆ ಹೇಳೋದಕ್ಕಿಂತ ಈಗಲೇ ಹೇಳೋದು ಒಳ್ಳೇದು. ಬೇಗ ಹೋಗಿ, ಪ್ರಕಟಣೆ ಹೊರಟುಬಿಡುತ್ತೆ.”

ಲಿಫ್ಟ್ ಎಲ್ಲೋ ಮೇಲೆ ನಿಂತಿತ್ತು. ಅಕ್ಕ ಕೋನದ ದಾಖಲೆಯನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು ಮೆಟ್ಟಿಲು ಹತ್ತಿದಳು. ತಮ್ಮನ ಕೋಣೆಯಲ್ಲಿ ಪರದೆಯ ಮೇಲೆ ಪ್ರಕಟಣೆ ಸಿದ್ಧವಾಗಿತ್ತು. ಅವನು ಒಂದೊಂದೇ ಪದದ ಮೇಲೆ ಬೆರಳಿಟ್ಟು ಕೊನೆಯ ಸಲ ಓದುತ್ತಿದ್ದ.

“ಕಳಿಸಬೇಡ,” ಅಂದಳು.

ಅವನು ತಿರುಗಿ ನೋಡಿದ. ಅವಳ ಮುಖ ಕಂಡು ಅವನ ಮುಖದ ಕಳೆ ಇಳಿಯಿತು. “ಏನು? ಗಾಲಿ ಹೋಯ್ತಾ?”

“ಗಾಲಿ ಚೆನ್ನಾಗಿದೆ. ಸಿಡಿತ ಬಂದಾಗ ನಾವು ತಿರುಗ್ತಾ ಇದ್ವಿ.”

“ಸಾಧ್ಯ ಇಲ್ಲ. ಡಿಟೆಕ್ಟರ್ ತೆರೆದಿತ್ತು.”

“ತೆರೆದಿತ್ತು. ನಾನೇ ತೆರೆದಿಟ್ಟಿದ್ದೆ. ಮುಚ್ಚೋ ಸಾಲನ್ನ ಕೆಳಗೆ ಹಾಕಿದ್ದೆ.”

“ಕಟ್ಟಳೆ ಮೀರಿ? ನೀನು?”

“ಹೌದು.”

ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ. ಕೋಣೆ ಚಿಕ್ಕದು, ಎರಡು ಹೆಜ್ಜೆಗೆ ಕಿಟಕಿ. ಕಿಟಕಿಯ ಆಚೆ ಪಾರ್ಕಿಂಗಿನಲ್ಲಿ ಯಾರೋ ಸ್ಕೂಟರ್ ಶುರು ಮಾಡಲು ಒದೆಯುತ್ತಿದ್ದರು.

“ಎಷ್ಟು ಸಲ ಅಕ್ಕ,” ಅಂದ ಅವನು ಕಿಟಕಿಯ ಕಡೆಗೇ. ದನಿ ಏರಿರಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. “ನಾನು ಒಂದು ಮೆಟ್ಟಿಲು ಹತ್ತಿದೆ ಅನ್ನುವಷ್ಟರಲ್ಲಿ ನೀನು ಕೆಳಗೆ ನಿಂತು ಕಾಲು ಎಳೀತೀಯ. ಬೆಳಗ್ಗೆ ಉಪಗ್ರಹದ ಕಣ್ಣು ತಿರುಗಿಸಿದೆ. ಈಗ ಸಿಕ್ಕಿದ್ದನ್ನೂ ಬಿಡಲ್ವಾ?”

“ಕೋನ ತಂದಿದ್ದೀನಿ. ಕ್ಷಣಕ್ಷಣದ್ದೂ ಇದೆ. ಲೆಕ್ಕ ನೀನೇ ಮಾಡು, ನಾನು ಏನೂ ಹೇಳಲ್ಲ.”

ಅವಳು ಪೆನ್ ಡ್ರೈವ್ ಮೇಜಿನ ಮೇಲಿಟ್ಟಳು. ಅವನು ಮುಟ್ಟಲಿಲ್ಲ. ಮೇಜಿನ ಫೋನ್ ರಿಂಗಾಯಿತು. ನಿರ್ದೇಶಕರೇ ಇರಬೇಕು, ಪ್ರಕಟಣೆ ಹೋಯಿತೇ ಎಂದು ಕೇಳಲು. ಅದು ರಿಂಗಾಗಿ ರಿಂಗಾಗಿ ನಿಂತಿತು. ಅಕ್ಕ ಬಾಗಿಲಿಗೆ ಒರಗಿ ನಿಂತಳು. ಹೋಗುವ ಮನಸ್ಸಾಗಲಿಲ್ಲ, ಕೂರುವ ಧೈರ್ಯವೂ ಇರಲಿಲ್ಲ.

ತಮ್ಮ ಕಿಟಕಿಯಿಂದ ತಿರುಗಿ, “ನೆತ್ತಿ ಓರೆ ಇತ್ತು,” ಅಂದ.

“ಏನು?”

“ಸಿಡಿತದ ನೆತ್ತಿ. ಮಿತಿ ಮುಟ್ಟಿದ ಮೇಲೆ ಪ್ರಕಾಶ ಒಂದೇ ಮಟ್ಟದಲ್ಲಿ ನಿಲ್ಲಬೇಕು. ಇದು ಜಾರಿಕೊಂಡು ಇಳೀತಿತ್ತು. ನೋಡಿದೆ ನಾನು. ಅಲ್ಲೇ ಸುತ್ತ ಇರೋ ಅನಿಲ ಅಡ್ಡ ಬಂದಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ.” ಅವನು ಬಂದು ಕುಳಿತ. “ಬೇರೆಯವರ ಗ್ರಾಫಿನಲ್ಲಿ ಹಾಗಿದ್ದಿದ್ರೆ ಹರಿದು ಹಾಕಿಬಿಡ್ತಿದ್ದೆ.”

ಪೆನ್ ಡ್ರೈವ್ ಹಾಕಿದ. ಅಕ್ಕ ಅವನ ಬೆನ್ನ ಹಿಂದೆ ನಿಂತಳು. ಕ್ಷಣಕ್ಷಣಕ್ಕೂ ಒಂದು ಕೋನ, ಪ್ರತಿ ಕೋನಕ್ಕೂ ಒಳಗೆ ಬಂದ ಬೆಳಕಿನ ಪಾಲು, ಆ ಪಾಲಿನಿಂದ ಅಳತೆಯ ಭಾಗಾಕಾರ. ಅವನು ಒತ್ತಿದ. ಪರದೆಯ ಮೇಲೆ ಹಳೆಯ ಸಿಡಿತದ ಮೇಲುಗಡೆ ಹೊಸದೊಂದು ಎದ್ದಿತು, ಹೆಚ್ಚುಕಡಿಮೆ ಮೂರು ಪಟ್ಟು ಎತ್ತರ. ಅದರ ನೆತ್ತಿ ಮೇಜಿನ ಹಲಗೆಯ ಹಾಗೆ ಸಮತಟ್ಟಾಗಿತ್ತು.

ಇಬ್ಬರೂ ಅದನ್ನೇ ನೋಡಿದರು. ಅಕ್ಕನಿಗೆ ಇಂಥದು ಎಷ್ಟು ಅಪರೂಪ ಎಂದು ಗೊತ್ತಿರಲಿಲ್ಲ, ತಮ್ಮನಿಗೆ ಗೊತ್ತಿತ್ತು. ಅವನ ಕೈ ಮೌಸಿನ ಮೇಲೆ ಹಾಗೇ ನಿಂತಿತ್ತು.

“ಹದಿನೆಂಟೂವರೆ ಸಾವಿರ,” ಅಂದ ಕೊನೆಗೆ. “ಉರಿದದ್ದರಲ್ಲಿ ಹೈಡ್ರೋಜನ್ ಹೆಚ್ಚಿದ್ರೆ ಹದಿನಾರು. ಬರೀ ಹೀಲಿಯಂ ಆಗಿದ್ರೆ ಇಪ್ಪತ್ತೊಂದು. ಮೂವತ್ತೆರಡು ಯಾವ ಲೆಕ್ಕದಲ್ಲೂ ಆಗಲ್ಲ.” ಸಿದ್ಧವಾಗಿದ್ದ ಪ್ರಕಟಣೆಯನ್ನು ಮುಚ್ಚಿ, “ಆ ಇನ್ನೊಂದು ಗುಂಪಿನವರು ಹೇಳಿದ್ದೇ ಸರಿ. ನನ್ನದು ತಪ್ಪು,” ಅಂದ.

ಅಕ್ಕ ಅವನ ಹೆಗಲ ಮೇಲೆ ಕೈಯಿಟ್ಟಳು. ಅವನು ಕೊಡವಲಿಲ್ಲ. “ಹದಿನೆಂಟು ಸಾವಿರನೂ ಕಮ್ಮಿ ಏನಲ್ಲ,” ಅಂದಳು. ಏನಾದರೂ ಹೇಳಬೇಕಿತ್ತು. ಅವನಿಗೆ ಇದ್ದಕ್ಕಿದ್ದಂತೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡ.

ಫೋನ್ ಮತ್ತೆ ರಿಂಗಾಯಿತು. ಈ ಸಲ ಅವನು ಎತ್ತಿದ. “ಸರ್, ಪ್ರಕಟಣೆ ಕಳಿಸಿಲ್ಲ. ಅಂಕಿ ತಪ್ಪಿತ್ತು. ನಾವಿಬ್ಬರೂ ಬರ್ತಿದ್ದೀವಿ.”

ನಿರ್ದೇಶಕರು ತೆಳ್ಳನೆಯ ಮನುಷ್ಯ. ಸಿಟ್ಟು ಬಂದರೆ ದನಿ ಇನ್ನೂ ತಗ್ಗುತ್ತಿತ್ತು. ಅವರು ಪೂರ್ತಿ ಕೇಳಿಸಿಕೊಂಡರು. ಗಾಲಿಯವರನ್ನೂ ಕರೆಸಿದರು. ಅವರು ಬಂದು ಅಕ್ಕನ ಪಕ್ಕ ನಿಂತರು. ನಿರ್ದೇಶಕರು ಮೊದಲು ಕೇಳಿದ್ದು ಸಿಡಿತದ ಬಗ್ಗೆ ಅಲ್ಲ.

“ಗಾಲಿ ನಡುವೆ ಕಚ್ಚಿಕೊಂಡಿದ್ರೆ?”

“ಡಿಟೆಕ್ಟರ್ ಹೋಗ್ತಿತ್ತು ಸರ್,” ಅಂದಳು ಅಕ್ಕ.

“ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ತಮ್ಮನಿಗೋಸ್ಕರ ಮಾಡಿದ್ರಾ?”

ಅಕ್ಕ ಪಕ್ಕಕ್ಕೆ ತಿರುಗಿದಳು. ತಮ್ಮ ಅವಳ ಕಡೆ ನೋಡದೆ ನೆಲ ನೋಡುತ್ತಿದ್ದ. “ನಕ್ಷತ್ರ ಬೇರೆ ಯಾರದಾದ್ರೂ ಆಗಿದ್ರೆ ಮಾಡ್ತಿರಲಿಲ್ಲ ಅನಿಸುತ್ತೆ ಸರ್,” ಅಂದಳು.

ನಿರ್ದೇಶಕರು ಪೆನ್ನು ಕೆಳಗಿಟ್ಟರು. ಆ ತಿಂಗಳ ಮಟ್ಟಿಗೆ ಅಕ್ಕ ಉಪಗ್ರಹಕ್ಕೆ ಆಜ್ಞೆ ಬರೆಯುವಂತಿಲ್ಲ, ಆ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ ಎಂದರು. ಗಾಲಿಯವರಿಗೆ ಎಚ್ಚರಿಕೆ ಕೊಟ್ಟರು. ಆಮೇಲೆ ತಮ್ಮನ ಕಡೆ ತಿರುಗಿ, “ಪ್ರಕಟಣೆ ಹೊಸದಾಗಿ ಬರೀರಿ. ನಿಮ್ಮ ಹಿಂದಿನ ದೂರ ತಪ್ಪು ಅನ್ನೋದನ್ನ ನೀವೇ ಬರೀತೀರಾ, ಇಲ್ಲ ಬೇರೆಯವರು ಬರೆಯೋ ತನಕ ಕಾಯ್ತೀರಾ?” ಎಂದು ಕೇಳಿದರು.

“ನಾನೇ ಬರೀತೀನಿ ಸರ್. ಮೊದಲನೇ ಸಾಲಿನಲ್ಲೇ.”

ಹಾಗೆಯೇ ಬರೆದ. ಬರೆದು ಓದಿದ, ಅಳಿಸಿದ, ಮತ್ತೆ ಬರೆದ. ಅಕ್ಕ ಪಕ್ಕದ ಕುರ್ಚಿಯಲ್ಲಿ ಕುಳಿತೇ ಇದ್ದಳು. ಆ ತಿಂಗಳಿಗೆ ಅವಳಿಗೆ ಬೇರೆ ಕುರ್ಚಿಯೂ ಇರಲಿಲ್ಲ.

“ನಿನ್ನ ಹೆಸರೂ ಹಾಕ್ತೀನಿ,” ಅಂದ ಅವನು. “ಕೋನ ಇಲ್ಲದೆ ಈ ದೂರ ಇಲ್ಲ.”

“ಹಾಕು. ಅಕ್ಷರ ತಪ್ಪಿಲ್ಲದೆ ಹಾಕು. ಹೋದ ಸಲ ನೀನು ಸಂಸ್ಥೆಯ ಹೆಸರನ್ನೇ ತಪ್ಪು ಬರೆದಿದ್ದೆ.”

ಹೊಸ ಪ್ರಕಟಣೆ ಹೊರಟಾಗ ಬಿಸಿಲು ಇಳಿಯುತ್ತಿತ್ತು. ಇಬ್ಬರೂ ಗೇಟು ದಾಟಿ ಬಸ್ ನಿಲ್ದಾಣಕ್ಕೆ ಬಂದರು. ಒಟ್ಟಿಗೆ ಮನೆಗೆ ಹೊರಟು ಎಷ್ಟು ಕಾಲವಾಗಿತ್ತೋ. ತಮ್ಮನ ಫೋನಿಗೆ ಒಂದರ ಮೇಲೊಂದು ಉತ್ತರಗಳು ಬರತೊಡಗಿದವು. ಅವನು ಒಂದನ್ನು ತೆರೆದು ಓದಿದ, ಹುಬ್ಬು ಗಂಟಿಕ್ಕಿದ.

“ಆ ಇನ್ನೊಂದು ಗುಂಪಿನ ಹಿರಿಯರು,” ಅಂದ. “ದೂರ ತಮಗೆ ಒಪ್ಪಿಗೆಯಂತೆ. ಆದರೆ ತಿರುಗುವಾಗಿನ ಕೋನವನ್ನು ಎಷ್ಟರ ಮಟ್ಟಿಗೆ ನಂಬಬಹುದು ಅಂತ ಕೇಳಿದ್ದಾರೆ. ಗಾಲಿ ಉಜ್ಜಿಕೊಂಡು ತಿರುಗ್ತಿತ್ತಲ್ಲ, ಜರ್ಕ್ ಹೊಡೆದಿದ್ರೆ? ಏನಂತ ಬರೀಲಿ?”

“ಜರ್ಕ್ ಹೊಡೆದಿಲ್ಲ.”

“ಅದು ನಿನಗೆ ಹೇಗೆ ಗೊತ್ತು ಅಂತ ಅವರು ಕೇಳ್ತಾರೆ.”

“ಕೇಳಲಿ. ಗಾಲಿಗಳ ಕ್ಷಣಕ್ಷಣದ ದಾಖಲೆ ನೋಡಿದ್ದೀನಿ,” ಅಂದಳು ಅಕ್ಕ. ನಿಲ್ದಾಣದ ಬೆಂಚಿನ ಮೇಲೆ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೈ ಚಾಚಿದಳು. “ಇಲ್ಲಿ ಕೊಡು ಫೋನು. ನಾನೇ ಬರೀತೀನಿ.”